ಸತ್ತ ಕಿವಿಗೆ ಕೇಳಿದ ಮೋಹನ

ದೆವ್ವ, ಗಾಳಿ, ಅಶರೀರವಾಣಿ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗಿಬಿಡುವ ಜಾತಿ ನಂದು. ಮೂವತ್ತು ವರ್ಷ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ತಗಡು ಬಗ್ಗಿಸಿದವನು ನಾನು. ಸಂಜೆ ಹೊತ್ತು ಸಂಗೀತ ಪಾಠ ಹೇಳುತ್ತಿದ್ದೆ, ಅದರಲ್ಲೂ ಅದೇ ಬುದ್ಧಿ. ರಾಗಕ್ಕೆ ಇಷ್ಟು ಸ್ವರ, ತಾಳಕ್ಕೆ ಇಷ್ಟು ಅಕ್ಷರ. ಲೆಕ್ಕ ಕೂಡಿದರೆ ರಚನೆ, ಕೂಡದಿದ್ದರೆ ಗಲಾಟೆ. ಸ್ಫೂರ್ತಿ ಗೀರ್ತಿ ಅಂದವರನ್ನು ಎದುರಿಗೇ ಆಡಿಕೊಂಡಿದ್ದೇನೆ. ಹಾಗಾಗಿ ಇದನ್ನು ಓದಿ ನೀವು ನನ್ನನ್ನು ಆಡಿಕೊಂಡರೂ ನನಗೇನೂ ಬೇಜಾರಿಲ್ಲ.

ಪ್ರೆಸ್ ಶಾಪು ನನಗೆ ಸಂಬಳ ಕೊಟ್ಟು ಎಡಗಿವಿ ತೊಗೊಂಡಿತು. ನಿವೃತ್ತಿಯ ಹೊತ್ತಿಗೆ ಆ ಕಿವಿ ಪೂರ್ತಿ ಸತ್ತಿತ್ತು. ಫೋನನ್ನು ಅದಕ್ಕೆ ಒತ್ತಿ ಹಿಡಿದರೂ ಏನೂ ಕೇಳುತ್ತಿರಲಿಲ್ಲ. ಆಮೇಲೆ ಬಲಗಿವಿಯೂ ಮಂಕಾಗತೊಡಗಿತು. ಇಂದಿರಾನಗರದ ಕಿವಿ ಡಾಕ್ಟರು ನೋಡಿ, "ಹೆಚ್ಚೂಕಮ್ಮಿ ಒಂದು ವರ್ಷ ಅಂದ್ಕೊಳ್ಳಿ. ಮಿಷನ್ ಹಾಕಿದ್ರೆ ಮಾತು ಸ್ವಲ್ಪ ತಿಳೀಬಹುದು, ಸಂಗೀತ ಕಷ್ಟ" ಅಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಹೆಂಡತಿ ಸರಳ ಪಕ್ಕದಲ್ಲಿ ಕೂತಿದ್ದಳು.

ಅಳುವುದಕ್ಕೆ ಕಾರಣ ಇತ್ತು. ಮೋಹನ ರಾಗದಲ್ಲಿ ಒಂದು ವರ್ಣ ಕಟ್ಟುತ್ತಾ ನಾಲ್ಕು ವರ್ಷ ಆಗಿತ್ತು. ವರ್ಣ ಅಂದರೆ ಕಛೇರಿಯ ಮೊದಲಿಗೆ ಹಾಡುವ ರಚನೆ. ಅದರ ಕೊನೆಯಲ್ಲಿ ಬರೀ ಸ್ವರಗಳ ಕೆಲವು ಗುಚ್ಛಗಳಿರುತ್ತವೆ. ಕೊನೆಯ ಗುಚ್ಛವೇ ದೊಡ್ಡದು, ಊರೆಲ್ಲ ಸುತ್ತಿ ಬಂದು ಚರಣದ ಸಾಲಿಗೆ ಸರಿಯಾಗಿ ಬಂದು ಕೂರಬೇಕು. ನನ್ನ ವರ್ಣದಲ್ಲಿ ಮಿಕ್ಕಿದ್ದೆಲ್ಲ ಆಗಿತ್ತು, ಆ ಕೊನೆಯ ಗುಚ್ಛದ ನಾಲ್ಕು ಆವರ್ತ, ಅಂದರೆ ತಾಳದ ನಾಲ್ಕು ಸುತ್ತು, ಮಾತ್ರ ಆಗಿರಲಿಲ್ಲ. ಬರೆದದ್ದೆಲ್ಲ ಲೆಕ್ಕಕ್ಕೆ ಸರಿ, ಕೇಳೋಕೆ ಸಪ್ಪೆ. ಸಣ್ಣಪುಟ್ಟ ಭಜನೆ, ನೃತ್ಯದ ಹಾಡು ಬೇಕಾದಷ್ಟು ಮಾಡಿದ್ದೆ. ನನ್ನದು ಅಂತ ಉಳಿಯೋದಾದರೆ ಇದೊಂದೇ ಅನ್ನೋದು ಗೊತ್ತಿತ್ತು. ಕಿವಿ ಹೋಗುವುದರೊಳಗೆ ಮುಗಿಸಬೇಕಿತ್ತು.

ಸಿ.ವಿ. ರಾಮನ್ ನಗರದ ನಮ್ಮ ಮಹಡಿ ಮನೆ. ಬೇಸಿಗೆ, ಮಧ್ಯಾಹ್ನ ಮೂರು ಗಂಟೆ. ಕರೆಂಟು ಹೋಗಿ, ನನ್ನ ಶ್ರುತಿಪೆಟ್ಟಿಗೆ ನಿಂತುಹೋಯಿತು. ಸರಳ ಒಳಗೆ ಮಲಗಿದ್ದಳು. ಪುಸ್ತಕ ಮುಚ್ಚೋಣ ಅಂದುಕೊಳ್ಳುವಾಗ ತಂಬೂರಿ ಕೇಳಿಸಿತು. ಅದರ ಮೇಲೆ ಒಬ್ಬ ವಯಸ್ಸಾದ ಹೆಂಗಸಿನ ದನಿ, ಸಾಹಿತ್ಯವಿಲ್ಲದೆ ಬರೀ ಸ್ವರ ಹಾಡುತ್ತಿತ್ತು. ರಾಗ ಮೋಹನ. ಪಕ್ಕದ ಮನೆಯ ಸೆಲ್ವಿ ಟೆರೇಸಿನಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಕಿಟಕಿಯಿಂದ, "ಯಾರಮ್ಮ ಹಾಡ್ತಿರೋದು?" ಅಂತ ಕೂಗಿದೆ. "ಯಾರೂ ಇಲ್ಲ ಸಾರ್, ಕರೆಂಟೇ ಇಲ್ವಲ್ಲ" ಅಂದಳು. ಅವಳ ಮಾತಿನ ಹಿಂದೆಯೂ ಹಾಡು ನಡೆದೇ ಇತ್ತು.

ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೆ. ಸೆಲ್ವಿಯ ಗದ್ದಲ, ರಸ್ತೆಯ ಆಟೋ ಎಲ್ಲ ನಿಂತಿತು, ಹಾಡು ನಿಲ್ಲಲಿಲ್ಲ. ಎಡಗಿವಿಗೆ ಬೆರಳು ಇಟ್ಟೆ. ಹಾಡು ನಿಂತಿತು. ತೆಗೆದೆ, ಮತ್ತೆ ಬಂತು. ನಾಲ್ಕೈದು ಸಲ ಹೀಗೇ ಮಾಡಿ ನೋಡಿದೆ. ಕಿವುಡರಿಗೆ ತಲೆಯೊಳಗೇ ಸಂಗೀತ ಕೇಳಿಸೋದುಂಟು ಅಂತ ಆಮೇಲೆ ಡಾಕ್ಟರು ಹೇಳಿದರು. ತಲೆಯೊಳಗಿನದಾದರೆ ಬೆರಳು ಇಟ್ಟಾಗ ಯಾಕೆ ನಿಲ್ಲಬೇಕು ಅಂತ ಕೇಳಿದ್ದಕ್ಕೆ ಅವರು ಚೀಟಿ ಬರೆಯತೊಡಗಿದರು.

ಹೆದರಿಕೆ ಆಗಲಿಲ್ಲ, ನಿಜ ಹೇಳ್ತೀನಿ. ಯಾಕೆಂದರೆ ಆ ಹೊತ್ತಿಗೆ ಏನು ಹಾಡುತ್ತಿದ್ದಾರೆ ಅನ್ನೋದು ಗೊತ್ತಾಗಿತ್ತು. ನನ್ನ ವರ್ಣದ ಹಿಂದಿನ ಗುಚ್ಛ ಎಲ್ಲಿ ಮುಗಿದಿತ್ತೋ ಅಲ್ಲಿಂದಲೇ ಎತ್ತಿಕೊಂಡಿದ್ದರು. ಆದಿತಾಳ, ನನ್ನದೇ ನಡೆ. ಅದನ್ನು ನಾನು ಯಾರಿಗೂ ಹಾಡಿ ತೋರಿಸಿರಲಿಲ್ಲ. ಪೆನ್ಸಿಲ್ ತೊಗೊಂಡು ಬರೆಯತೊಡಗಿದೆ. ಒಂದು ಆವರ್ತ, ಎರಡು, ಮೂರು. ಅಯ್ಯೋ, ಎಷ್ಟು ಸುಲಭವಾಗಿ ಬರುತ್ತಿತ್ತು. ನಾಲ್ಕು ವರ್ಷ ನಾನು ಗುದ್ದಾಡಿದ ಜಾಗಗಳಲ್ಲಿ ಅವರು ಅಂಗಳದಲ್ಲಿ ನಡೆದಾಡಿದ ಹಾಗೆ ನಡೆದುಹೋದರು.

ನಾಲ್ಕನೇ ಆವರ್ತದ ಅರ್ಧದಲ್ಲಿ ಒಂದು ಸ್ವರ ತಪ್ಪಾಗಿ ಬಂತು. ಮೋಹನಕ್ಕೆ ಐದೇ ಸ್ವರ: ಸ, ರಿ, ಗ, ಪ, ದ. ಇದು ಆ ಐದರಲ್ಲಿ ಯಾವುದೂ ಅಲ್ಲ. ಅವರು ಜಾರಲಿಲ್ಲ, ತಡವರಿಸಲಿಲ್ಲ, ಅದರ ಮೇಲೆ ಧಾರಾಳವಾಗಿ ನಿಂತರು. ನನ್ನ ಕೈ ತಾನಾಗಿ 'ಗ' ಅಂತ ಬರೆಯಿತು. ಬಾಯಿ, ವರ್ಷಗಟ್ಟಲೆ ಪಾಠ ಹೇಳಿದ ಬಾಯಿ, "ತಪ್ಪು. ಮತ್ತೆ ಹಾಡಿ" ಅಂದಿತು.

ಹಾಡು ನಿಂತಿತು. ತಂಬೂರಿಯೂ ನಿಂತಿತು.

ಸರಳ ಎದ್ದು ಬಂದು, "ಯಾರನ್ರೀ ಗದರಿಸ್ತಿದ್ದೀರಾ? ಮನೇಲಿ ಯಾರೂ ಇಲ್ಲ" ಅಂದಳು. ನಾನು ಗೋಡೆ ಕಡೆ ತಿರುಗಿ, "ತಪ್ಪಾಯ್ತಮ್ಮ, ಹಾಡಿ, ದಯವಿಟ್ಟು ಹಾಡಿ" ಅಂತ ಬೇಡುತ್ತಿದ್ದೆನಂತೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು.

ಅವತ್ತು ಸಂಜೆಯೇ ಹಾರ್ಮೋನಿಯಂ ತೆಗೆದು ಆ ಸ್ವರ ಹುಡುಕಿದೆ. ಮೋಹನದಲ್ಲಿಲ್ಲದ ಎರಡು ಮಧ್ಯಮ, ಎರಡು ನಿಷಾದ, ಹತ್ತಿರದ ಕೀ, ದೂರದ ಕೀ, ಯಾವುದನ್ನು ಒತ್ತಿದರೂ ಅಪಸ್ವರ. ಕೇಳಿದ ಸ್ವರವನ್ನು ಗುರುತು ಹಿಡಿಯೋದೇ ನನ್ನ ಕಸುಬು. ಆದರೂ ಅದು ಸಿಗಲಿಲ್ಲ, ಹಾಳೆಯ ಮೇಲೆ ಇದ್ದದ್ದು ನಾನು ತಿದ್ದಿ ಬರೆದ 'ಗ' ಮಾತ್ರ. ಅದರ ಮುಂದಿನ ಅರ್ಧ ಆವರ್ತವನ್ನು ನಾನೇ ಲೆಕ್ಕ ಹಾಕಿ ಮುಗಿಸಿದೆ. ಎಷ್ಟು ಮಧ್ಯಾಹ್ನ ಮೇನ್ ಸ್ವಿಚ್ ಆರಿಸಿ ಕಾದಿದ್ದೇನೋ ನೆನಪಿಲ್ಲ. ಎಂಟು ತಿಂಗಳಿಗೆ ಬಲಗಿವಿಯೂ ಹೋಯಿತು.

ಕಳೆದ ವರ್ಷ ಹಲಸೂರಿನ ಒಂದು ಸಣ್ಣ ಸಭಾಂಗಣದಲ್ಲಿ ನನ್ನ ಶಿಷ್ಯೆ ನಂದಿನಿ ಆ ವರ್ಣ ಹಾಡಿದಳು. ಗರುಡಾಚಾರ್‌ಪಾಳ್ಯದ ಹುಡುಗಿ, ಕೆಲಸ ಮುಗಿಸಿ ಎರಡು ಬಸ್ಸು ಬದಲಾಯಿಸಿ ಪಾಠಕ್ಕೆ ಬರುತ್ತಿದ್ದವಳು. ಮುಂದಿನ ಸಾಲಿನಲ್ಲಿ ಕೂತು ಅವಳ ಕೈತಾಳ ನೋಡಿಕೊಂಡು ಎಲ್ಲಿದ್ದಾಳೆ ಅಂತ ಎಣಿಸುತ್ತಿದ್ದೆ. ನಾನು ತಿದ್ದಿದ ಜಾಗ ಬಂತು. ಬರೆದದ್ದನ್ನೇ ಹಾಡಿದಳು, ಪಾಪ. ಜನ ಚಪ್ಪಾಳೆ ತಟ್ಟಿದ್ದು ಕಂಡಿತು. ಅವಳು ಬಂದು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು, "ಹೇಗಿತ್ತು ಸಾರ್?" ಚೆನ್ನಾಗಿತ್ತಮ್ಮ ಅಂದೆ. ಇನ್ನೇನು ಅನ್ನಲಿ?

ಆ ಹೆಂಗಸು ಯಾರು, ಇಷ್ಟು ದೊಡ್ಡ ಊರಿನಲ್ಲಿ ನನ್ನ ಸತ್ತ ಕಿವಿಯನ್ನೇ ಯಾಕೆ ಹುಡುಕಿಕೊಂಡು ಬಂದರು, ಒಂದೂ ನನಗೆ ಬಗೆಹರಿದಿಲ್ಲ. ಅವರು ಮುಗಿಸಿಕೊಡೋಕೆ ಬಂದಿದ್ದರು. ನಾನು ಬಿಡಲಿಲ್ಲ.