ತುಟಿ ಅಲುಗಿಸಬಾರದು

ನನಗೆ ಬಾಯಿ ಮುಚ್ಚಿಕೊಂಡು ಓದಲು ಬರುವುದಿಲ್ಲ. ಇದು ಹುಟ್ಟುಗುಣವಲ್ಲ, ಅಜ್ಜಿ ಹಚ್ಚಿದ ಚಟ. ಲಾಕ್‌ಡೌನ್ ಬಂದು ಅವಳ ಕಣ್ಣಿನ ಪೊರೆಯ ಆಪರೇಷನ್ ಮುಂದಕ್ಕೆ ಹೋಯಿತು. ಟಿವಿ ಎದುರು ಕೂತರೂ ಅವಳಿಗೆ ಎಲ್ಲ ಮಂಜು ಮಂಜು. ಹಾಗಾಗಿ ಫೋನಿನಲ್ಲಿ ಬರುವ ಇಂಗ್ಲಿಷ್ ಸುದ್ದಿಯನ್ನು ಕನ್ನಡ ಮಾಡಿ ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಆಗ ನಾನು ವಕೀಲಿ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಕೋಚಿಂಗ್ ಕ್ಲಾಸಿಗೆ ಬೀಗ ಬಿದ್ದಿತ್ತು. ಕೇಳುವವರು ಬೇರೆ ಯಾರೂ ಇಲ್ಲದ್ದರಿಂದ ನನ್ನ ಪಾಠವನ್ನೂ ಅವಳಿಗೇ ಓದತೊಡಗಿದೆ.

ನಾವಿದ್ದದ್ದು ನಾಗಪುರದ ರೈಲ್ವೆ ಕಾಲೊನಿಯಲ್ಲಿ. ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ಗೂಡ್ಸ್ ಗಾರ್ಡ್. ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತರೂ ಕೋರಾಡಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೋಗಲೇಬೇಕು, ಅಪ್ಪನಿಗೆ ಡ್ಯೂಟಿ ತಪ್ಪಲಿಲ್ಲ. ಬಂದವನು ಸ್ನಾನ ಮಾಡಿ ಮುಂದಿನ ಕೋಣೆಯಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಅವನು ಒಮ್ಮೆ ಕೆಮ್ಮಿದರೆ ಸಾಕು, ಒಳಗೆ ನಮ್ಮೆಲ್ಲರ ಮಾತು ನಿಂತುಹೋಗುತ್ತಿತ್ತು. ಎರಡನೇ ಕೆಮ್ಮು ಬರುತ್ತದೇನೋ ಎಂದು ಕಿವಿ ಹಚ್ಚಿ ಕೂರುತ್ತಿದ್ದೆವು. ಒಳಗಿನ ಕೋಣೆಯಲ್ಲಿ ಅಜ್ಜಿ, ಅವ್ವ, ನಾನು, ನಮ್ಮ ನಡುವೆ ನನ್ನ ಪುಸ್ತಕಗಳು.

ಆ ಪರೀಕ್ಷೆಯಲ್ಲಿ ಮೊದಲು ಒಂದು ನಿಯಮ ಕೊಡುತ್ತಾರೆ, ಆಮೇಲೆ ಒಂದು ಕಥೆ. ನಿಯಮದ ಪ್ರಕಾರ ತಪ್ಪು ಯಾರದು ಎಂದು ಹೇಳಬೇಕು, ನಮ್ಮ ಅಭಿಪ್ರಾಯ ಯಾರಿಗೂ ಬೇಕಾಗಿಲ್ಲ. ಒಮ್ಮೆ ಒಬ್ಬ ಕಳ್ಳ ತೋಟಕ್ಕೆ ಮಾವಿನಹಣ್ಣು ಕದಿಯಲು ಹೋಗಿ, ಬಾಯಿ ತೆರೆದ ಬಾವಿಯೊಳಗೆ ಬಿದ್ದ ಕಥೆ ಬಂತು. ಅಪ್ಪಣೆಯಿಲ್ಲದೆ ಒಳಬಂದವನ ಹೊಣೆ ಮಾಲೀಕನದಲ್ಲ ಎಂಬುದು ನಿಯಮ.

"ಕಳ್ಳಂದು ತಪ್ಪು ಖರೆ," ಅಂದಳು ಅಜ್ಜಿ. "ಆದ್ರ ಬಾವಿಗೆ ಕಟ್ಟಿ ಕಟ್ಟಸಬೇಕಿತ್ತಿಲ್ಲೋ?"

"ಅಜ್ಜಿ, ನಿಯಮದಾಗ ಹಂಗಿಲ್ಲ."

"ಆ ನಿಯಮಾ ಬರದಾಂವ ಬಾವ್ಯಾಗ ಬಿದ್ದಿಲ್ಲ ಬಿಡು."

ಅವಳ ಜೊತೆ ಜಗಳಾಡಿ ಜಗಳಾಡಿಯೇ ನನಗೆ ಉತ್ತರ ಹೊಳೆಯುತ್ತಿತ್ತು. ಕಥೆಯನ್ನು ಬಾಯಲ್ಲಿ ಕನ್ನಡ ಮಾಡಿಕೊಳ್ಳದಿದ್ದರೆ ಇಂಗ್ಲಿಷ್ ಸಾಲುಗಳು ಕಣ್ಣ ಮುಂದೆ ಹಾಗೇ ಹಾದುಹೋಗುತ್ತಿದ್ದವು, ತಲೆಯೊಳಗೆ ಇಳಿಯುತ್ತಿರಲಿಲ್ಲ.

ಹಲವು ಕಾಲೇಜುಗಳಿಗೆ ಒಟ್ಟಿಗೇ ನಡೆಯುವ ಆ ದೊಡ್ಡ ಪರೀಕ್ಷೆ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, ಇನ್ನೊಮ್ಮೆಯೂ ಹೋಯಿತು. ಪ್ರತಿ ಸಲವೂ ಅಪ್ಪ "ಚಲೋನ ಆತು, ಓದಾಕ ಟೈಮ್ ಸಿಕ್ತು" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಸಲ ಸೀಟು ಸಿಗದಿದ್ದರೆ ಇಲ್ಲೇ ಯಾವುದಾದರೂ ಕಾಲೇಜಿನಲ್ಲಿ ಬಿ.ಕಾಂ. ಎಂದು ಮನೆಯಲ್ಲಿ ಮಾತಾಗಿತ್ತು, ಲೆಕ್ಕಶಾಸ್ತ್ರವೆಂದರೆ ನನಗೆ ಜ್ವರ. ಅಷ್ಟರಲ್ಲಿ ಒಂದು ಕಾಲೇಜು ತಾನೇ ಬೇರೆ ಪರೀಕ್ಷೆ ನಡೆಸುತ್ತೇನೆಂದಿತು. ಮನೆಯಲ್ಲೇ ಕೂತು ಬರೆಯಬೇಕು, ಲ್ಯಾಪ್‌ಟಾಪಿನ ಕ್ಯಾಮೆರಾ ಕಾವಲು ಕಾಯುತ್ತದೆ. ಕೋಣೆಯಲ್ಲಿ ಬೇರೆಯವರ ದನಿ ಕೇಳಬಾರದು, ಮುಖ ಮುಚ್ಚಬಾರದು, ತುಟಿ ಅಲುಗಿಸಬಾರದು. ಊರಿನವರೆಲ್ಲ ಮಾಸ್ಕ್ ಹಾಕಿಕೊಂಡು ತಿರುಗುತ್ತಿದ್ದ ಕಾಲದಲ್ಲಿ, ಮನೆಯೊಳಗೆ ಕೂತ ನಾನು ಮಾತ್ರ ತುಟಿ ತೋರಿಸಬೇಕಿತ್ತು.

ಕನ್ನಡಿ ಎದುರು ಕೂತು ಅಭ್ಯಾಸ ಮಾಡಿದೆ. ಹಲ್ಲು ಕಚ್ಚಿ ಹಿಡಿದರೆ ದವಡೆ ನೋಯುತ್ತಿತ್ತು. ನಾಲಿಗೆಯ ಕೆಳಗೆ ಲವಂಗ ಇಟ್ಟುಕೊಂಡು ನೋಡಿದೆ. ಆಗ ಲವಂಗದ ಮೇಲೆಯೇ ಲಕ್ಷ್ಯ ಹೋಗಿ, ಓದಿದ್ದು ಏನೆಂದೇ ಗೊತ್ತಾಗುತ್ತಿರಲಿಲ್ಲ.

ಪರೀಕ್ಷೆಯ ದಿನ ಅವ್ವ ಕುಕ್ಕರ್ ಇಡಲಿಲ್ಲ. ಅಜ್ಜಿಯನ್ನು ಕೈಹಿಡಿದು ಮುಂದಿನ ಕೋಣೆಗೆ ಕರೆದೊಯ್ದು, ಅಪ್ಪನಿಂದ ದೂರದ ಮೂಲೆಯಲ್ಲಿ ಕೂರಿಸಿದ್ದಳು. ಶುರುವಾಗಿ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ತುಟಿಯ ಚಲನೆ ಕಂಡಿದೆ, ಇದು ಮೊದಲ ಎಚ್ಚರಿಕೆ. ಬಾಯಿ ಬಿಗಿಹಿಡಿದು ಒಂದೇ ಪ್ಯಾರಾವನ್ನು ಮತ್ತೆ ಮತ್ತೆ ಓದಿದೆ. ಏನೂ ಅರ್ಥವಾಗಲಿಲ್ಲ. ಎರಡನೆಯ ಎಚ್ಚರಿಕೆ ಯಾವಾಗ ಬಂತೋ ನನಗೆ ತಿಳಿಯಲೇ ಇಲ್ಲ. ಮೂರನೆಯದಕ್ಕೆ ಪರೀಕ್ಷೆ ಮುಚ್ಚಿಹೋಯಿತು. ಅನುಚಿತ ನಡವಳಿಕೆ ಎಂದು ಬರೆದಿತ್ತು.

ಅವ್ವ ಸಿಟ್ಟನ್ನೆಲ್ಲ ಅಜ್ಜಿಯ ಮೇಲೆ ತೀರಿಸಿಕೊಂಡಳು. "ಅಕಿಗೆ ಈ ವಟವಟಾ ಹಚ್ಚಿದವರು ನೀವ ನೋಡ್ರಿ ಅತ್ತಿ. ಈಗ ಸಮಾಧಾನ ಆತಿಲ್ಲೋ?"

ಮರುದಿನ ನಾನು ಪುಸ್ತಕ ಹಿಡಿದು ಹೋದಾಗ ಅಜ್ಜಿ ಗೋಡೆಯ ಕಡೆ ಹೊರಳಿಕೊಂಡಳು. "ನಿನ್ನಷ್ಟಕ್ಕ ನೀ ಓದ್ಕೋವಾ ತಂಗಿ. ನನಗ ಹೇಳಬ್ಯಾಡ." ಆಮೇಲೆ ಸುದ್ದಿಯನ್ನೂ ಕೇಳಲಿಲ್ಲ. ಕಣ್ಣು ಕಾಣದವಳು ಇಡೀ ದಿನ ಸುಮ್ಮನೆ ಕೂತಿರುವುದನ್ನು ನೋಡಿ ನನಗೆ ತಡೆಯಲಾಗದಷ್ಟು ಸಂಕಟವಾಗುತ್ತಿತ್ತು. ಪರೀಕ್ಷೆ ಹೋದದ್ದಕ್ಕಿಂತ ಹೆಚ್ಚಿನ ಸಂಕಟ ಅದು.

ಕೊನೆಗೂ ದೊಡ್ಡ ಪರೀಕ್ಷೆ ನಡೆಯಿತು. ನನಗೆ ಕೊಟ್ಟ ಕೇಂದ್ರ ಬುಟಿಬೋರಿ ರಸ್ತೆಯ ಒಂದು ಕಾಲೇಜು. ಅಪ್ಪ ಸ್ಕೂಟರಿನಲ್ಲಿ ಕರೆದೊಯ್ದ. ಗೇಟಿನಲ್ಲಿ ಹಣೆಗೆ ಜ್ವರದ ಯಂತ್ರ ಹಿಡಿದಾಗ ಉಸಿರು ಬಿಗಿಹಿಡಿದೆ, ಹಾಗೆ ಮಾಡಿದರೆ ಜ್ವರ ತೋರಿಸುವುದಿಲ್ಲವೇನೋ ಎಂಬಂತೆ. ಒಳಗೆ ಒಂದು ಬಿಟ್ಟು ಒಂದು ಕಂಪ್ಯೂಟರಿಗೆ ಕೂರಿಸಿದ್ದರು. ಎಲ್ಲರ ಮುಖಕ್ಕೂ ಮಾಸ್ಕ್. ಇಲ್ಲಿ ಯಾವ ಕ್ಯಾಮೆರಾವೂ ನನ್ನ ತುಟಿಯನ್ನು ನೋಡುತ್ತಿಲ್ಲವೆಂದು ಗೊತ್ತಿತ್ತು. ಆದರೂ ದವಡೆ ಸಡಿಲಾಗಲಿಲ್ಲ. ಹೊತ್ತು ಜಾರುತ್ತಿತ್ತು, ನಾನು ಇನ್ನೂ ಮೊದಲ ಕಥೆಯಲ್ಲೇ ಸಿಕ್ಕಿಕೊಂಡಿದ್ದೆ. ಇದೂ ಹೋಯಿತು ಅಂದುಕೊಂಡೆ. ಹಾಗೆ ಕೈಬಿಟ್ಟ ಮೇಲೆ ಅದು ಯಾವಾಗ ಶುರುವಾಯಿತೋ, ಮಾಸ್ಕಿನೊಳಗೆ ನನ್ನ ಬಾಯಿ ತನ್ನ ಪಾಡಿಗೆ ತಾನು ಕನ್ನಡದಲ್ಲಿ ವಾದಕ್ಕೆ ಇಳಿದಿತ್ತು. ಒಂದು ಕಥೆ ಮುಗಿಯಿತು, ಇನ್ನೊಂದು ಮುಗಿಯಿತು.

ಆಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಪರೀಕ್ಷೆಯ ಕಾವಲಿಗಿದ್ದ ಹೆಂಗಸು. ನೀಲಿ ಸೀರೆ, ಮುಖದ ಮೇಲೆ ಪ್ಲಾಸ್ಟಿಕ್ ಹಾಳೆ. ಎಬ್ಬಿಸಿ ಹೊರಗೆ ಕಳಿಸುತ್ತಾರೆ, ಗೇಟಿನಲ್ಲಿ ಅಪ್ಪನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಆಕೆ ಬಗ್ಗಿ ಮರಾಠಿಯಲ್ಲಿ ಪಿಸುಗುಟ್ಟಿದರು.

"ಹಳೂ ವಾಚ ಬಾಳಾ. ಪುಢಚಾ ಐಕತೋಯ."

ಮೆಲ್ಲಗೆ ಓದು ಮಗೂ, ಮುಂದಿನವನಿಗೆ ಕೇಳಿಸುತ್ತಿದೆ. ಅಷ್ಟೇ. ಹೇಳಿ ಮುಂದಕ್ಕೆ ಹೋದರು. ನನಗೆ ಅಳು ಒತ್ತರಿಸಿ ಬಂತು. ಅಳುತ್ತಲೇ, ಮೆಲ್ಲಗೆ, ಕೊನೆಯ ಕಥೆಯವರೆಗೂ ಓದಿದೆ.

ಸೀಟು ಸಿಕ್ಕಿದ್ದು ಆಮೇಲಿನ ಮಾತು. ಅಂದು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ ಅಪ್ಪ ನನ್ನ ಕಣ್ಣು ನೋಡಿ ಗಾಬರಿಯಾದ. "ಏನಾತು? ಮತ್ತ ಮುಚ್ಚಿದ್ರೇನು?"

"ಇಲ್ಲಪಾ. ಓದು ಅಂದ್ರು."

ಅವನಿಗೆ ಏನೂ ತಿಳಿಯಲಿಲ್ಲ. ನಾನು ಹಿಂದೆ ಹತ್ತಿ ಕೂತು ಅವನ ಬೆನ್ನು ತಟ್ಟಿದೆ. "ಜಲ್ದಿ ಹೊಡಿ ಅಪ್ಪಾ. ಅಜ್ಜಿಗೆ ಹೇಳಬೇಕು."