ಓಲಾಡಿದ್ದು ಯಾರು?

ಪಾನನಿಷೇಧವಿದ್ದು, ಸರಕಾರಿ ಪರ್ಮಿಟ್ ಇಲ್ಲದೆ ಕುಡಿದವರನ್ನು ಠಾಣೆಗೆ ಒಯ್ಯುತ್ತಿದ್ದ ಕಾಲ ಅದು. ಮದ್ಯವನ್ನು ಮುಟ್ಟಿಯೂ ನೋಡದ ನನ್ನನ್ನು ದಾರಿಯ ಮೇಲಿನ ಕುಂಭಾರಿ ಊರಿನ ಚಹಾದಂಗಡಿಯೆದುರು ಒಬ್ಬ ಹವಾಲ್ದಾರ ತಡೆದ. ತಪ್ಪು ಅವನದಲ್ಲ. ಸೋಲಾಪುರ ಬಿಟ್ಟಾಗಿನಿಂದ ನನ್ನ ಕಾರು ಗಡಗಡ ನಡುಗುತ್ತ ಎಡಕ್ಕೇ ಎಳೆಯುತ್ತಿತ್ತು. ಇಳಿದು ನೋಡಿದ್ದೆ, ಟೈರುಗಳ ಗಾಳಿ ಸರಿಯಿತ್ತು, ಚಕ್ರದ ನಟ್ಟುಗಳೂ ಬಿಗಿಯಾಗಿದ್ದವು. ಏನೆಂದೇ ತಿಳಿದಿರಲಿಲ್ಲ.

"ಎಷ್ಟ ಹಾಕೀರಿ ಸಾಹೇಬ್ರ? ಗಾಡಿ ಜೋಲಿ ಹೊಡ್ಯಾಕತ್ತದಲ್ಲ!"

"ನಾನು ಟೀಟೋಟಲರ್," ಎಂದೆ ಖಡಾಖಂಡಿತವಾಗಿ.

"ಟೀ ಟೋಟಲ್ ಯಾರ ಕೇಳ್ಯಾರ್ರಿ? ದಾರೂ ಟೋಟಲ್ ಹೇಳ್ರಿ."

ಅಂಗಡಿಯಲ್ಲಿ ಕೂತವರೆಲ್ಲ ನಕ್ಕರು. ಅವರಲ್ಲೊಬ್ಬ, ನಾನು ಹೊರಟಿದ್ದ ಅಕ್ಕಲಕೋಟದ ಬೀಗರ ಪಕ್ಕದ ಮನೆಯವನು. ಸಂಜೆಯೊಳಗೆ ನನ್ನ ಹೆಸರು ಕೆಡುವುದು ಖಚಿತವಾಯಿತು.

"ನೀವ ನಡಿಸಿ ನೋಡ್ರಿ," ಎಂದು ಕೀಲಿ ಕೊಟ್ಟೆ.

ಹವಾಲ್ದಾರ ಹತ್ತಿ ಹೊರಟ. ಕಾರು ಮೈಯೆಲ್ಲ ನಡುಗಿಸಿ, ಎಡಕ್ಕೆ ಸರಿದು, ಜಾಲಿಯ ಪೊದೆಗೆ ಮೂತಿಯಿಟ್ಟು ನಿಂತಿತು.

"ಹವಾಲ್ದಾರ್ರೂ ಹಾಕ್ಯಾರಲೇ!" ಎಂದು ಅಂಗಡಿಯಿಂದ ಕೂಗು ಬಂತು.

ಇಬ್ಬರೂ ಬಗ್ಗಿ ನೋಡಿದೆವು. ಎಡಗಡೆಯ ಮುಂದಿನ ಟೈರು, ಹೊರಗೆ ಕಾಣದಂತೆ, ಒಳಮಗ್ಗುಲಲ್ಲಿ ಬಾವು ಬಂದ ಕೆನ್ನೆಯ ಹಾಗೆ ಉಬ್ಬಿತ್ತು. ನಾನು ಕುಡಿದಿಲ್ಲವೆಂದು ಇನ್ನಾದರೂ ಸಾರುತ್ತಾನೆ ಎಂದುಕೊಂಡರೆ, ಅವನು ನನ್ನ ಮೂಗಿನ ಹತ್ತಿರ ಬಾಯಿ ತೆರೆದ.

"ಮದ್ಲ ನನ್ನ ಬಾಯಿ ಮೂಸ್ರಿ, ಈ ಮಂದಿಗೆ ಹೇಳ್ರಿ!"

ಪರೀಕ್ಷಿಸದೆ ಪ್ರಮಾಣ ಮಾಡುವ ಪದ್ಧತಿ ನನ್ನದಲ್ಲ. ಮೂಸಿದೆ. "ಬರೇ ಉಳ್ಳಾಗಡ್ಡಿ!" ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ.

ನನ್ನ ಬಾಯಿಯನ್ನು ಮಾತ್ರ ಇವತ್ತಿನವರೆಗೆ ಯಾರೂ ಮೂಸಿ ಹೇಳಿಲ್ಲ.