ಕಪ್ಪು ಗಂಡು, ನೇರಳೆ ಹೆಣ್ಣು

ಪಂತಾಲೆಯೊನ ಜೊತೆ ವಾದಕ್ಕೆ ಇಳಿಯುವುದೂ ಒಂದೇ, ಬಂಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಎಂಬುದು ನಮ್ಮ ದಂಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರಲ್ಲೂ ಮುಳ್ಳುಂಡೆಯ ಮಾತು ಬಂದರೆ ಮುಗಿದೇಹೋಯಿತು. ಕಡಲ ಬಂಡೆಗೆ ಕಚ್ಚಿಕೊಂಡು ಬದುಕುವ, ಮೈಯೆಲ್ಲ ಮುಳ್ಳೇ ಆಗಿರುವ ಆ ಪುಟ್ಟ ಉಂಡೆಜೀವವನ್ನು ಅವನು ಮೀಸೆ ಮೂಡುವ ಮೊದಲಿನಿಂದಲೂ ಕೀಳುತ್ತ ಬಂದವನು. ದೋಣಿಯಿಂದ ಬಾಗಿ, ಗಾಜಿನ ತಳದ ಬಕೆಟ್ಟನ್ನು ನೀರಿಗೆ ಒತ್ತಿ ನೋಡಿ, ತುದಿ ಸೀಳಿದ ಕೋಲಿನಿಂದ ಒಂದು ತಿರುವು ಕೊಟ್ಟನೆಂದರೆ ಉಂಡೆ ಮೇಲಕ್ಕೆ ಬಂತು. ಆಳವಿದ್ದ ಕಡೆ ಮುಳುಗುತ್ತಿದ್ದ. ಅದನ್ನು ಕತ್ತರಿಯಿಂದ ಎರಡಾಗಿ ಮಾಡಿ, ಒಳಗಿನ ಕಿತ್ತಳೆ ಬಣ್ಣದ ಐದು ಎಸಳುಗಳನ್ನು ರೊಟ್ಟಿಯ ಚೂರಿನಿಂದ ಬಾಚಿ ಬಾಯಿಗೆ ಇಟ್ಟುಕೊಳ್ಳಬೇಕು. ಅದರ ರುಚಿ ಎಂಥದ್ದೆಂದು ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ.

ಮುಳ್ಳುಂಡೆಯಲ್ಲಿ ನೇರಳೆ ಬಣ್ಣದ್ದು ಹೆಣ್ಣು, ಕಪ್ಪಗಿರುವುದು ಗಂಡು. ಇದು ಪಂತಾಲೆಯೊ ಕಂಡುಹಿಡಿದದ್ದಲ್ಲ. ಅವನಪ್ಪ ಹೇಳಿದ್ದು, ಅವನಜ್ಜ ಹೇಳಿದ್ದು, ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದದ್ದು. ಹೆಣ್ಣಿನೊಳಗೆ ತಿನ್ನುವಂಥದ್ದು ತುಂಬಿರುತ್ತದೆ, ಗಂಡಿನೊಳಗೆ ಹೆಸರಿಗೆ ಕೂಡ ಏನೂ ಇರುವುದಿಲ್ಲ.

"ಅದೇನು ಹೊಸ ವಿಷಯಾನಾ?" ಎನ್ನುತ್ತಿದ್ದಳು ಅವನ ಹೆಂಡತಿ ಕೊನ್ಸೀಲಿಯಾ. "ಮದುವೆಯಾದ ವಾರದಲ್ಲೇ ನಂಗದು ಗೊತ್ತಾಗಿತ್ತು."

ಕೆಲವೊಮ್ಮೆ ನೇರಳೆಯನ್ನು ಕತ್ತರಿಸಿದಾಗ ಕಿತ್ತಳೆಯ ಬದಲು ಬಿಳಿ ಹಾಲು ಒಸರುತ್ತಿತ್ತು. "ಪಾಪ, ಬಾಣಂತಿ ಇದು" ಎಂದು ಪಂತಾಲೆಯೊ ಟೋಪಿ ತೆಗೆಯುತ್ತಿದ್ದ. ಅಂಥದ್ದನ್ನು ಮಾರುತ್ತಿರಲಿಲ್ಲ, ತಾನೂ ತಿನ್ನುತ್ತಿರಲಿಲ್ಲ, ಸೀದಾ ನೀರಿಗೆ ಬಿಡುತ್ತಿದ್ದ. ಎರಡು ಹೋಳಾದದ್ದನ್ನು ನೀರಿಗೆ ಬಿಟ್ಟರೆ ಬಂದ ಭಾಗ್ಯವೇನು ಎಂದು ಕೇಳುವ ಎದೆಗಾರಿಕೆ ಮಾತ್ರ ಯಾರಿಗೂ ಇರಲಿಲ್ಲ.

ಅವನು ಕೆಟ್ಟ ಮನುಷ್ಯನಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರವನ್ನು ಬರಿದು ಮಾಡಬಾರದು ಎಂಬ ಕಾಳಜಿ ಅವನಿಗಿದ್ದಷ್ಟು ನಮ್ಮಲ್ಲಿ ಇನ್ನಾರಿಗೂ ಇರಲಿಲ್ಲ. ಆದ್ದರಿಂದಲೇ ಕಪ್ಪು ಉಂಡೆಯೊಂದನ್ನೂ ಅವನು ಮಾರಲು ಕಿತ್ತವನಲ್ಲ. ಗಂಡುಗಳು ಅಷ್ಟೂ ಉಳಿದಿದ್ದರೆ ಅಲ್ಲೊಂದು ಇಲ್ಲೊಂದು ಹೆಣ್ಣು ಸಿಕ್ಕರೂ ಸಂಸಾರ ನಡೆಯುತ್ತದೆ ಎಂಬುದು ಅವನ ಲೆಕ್ಕ. ಆದರೆ ವರ್ಷ ಕಳೆದಂತೆ ನೇರಳೆ ಕಡಿಮೆಯಾಗುತ್ತ ಬಂತು. ಕಪ್ಪು ಮಾತ್ರ ಹೆಚ್ಚುತ್ತಲೇ ಇತ್ತು. ಕೊನೆಗೆ ಹಳೆಯ ಕಾವಲು ಗೋಪುರದ ಕೆಳಗೆ, ನೀರಿನೊಳಗೆ ಚಾಚಿದ ಒಂದು ಬಂಡೆಯ ಅಡಿಯಲ್ಲಿ ಮಾತ್ರ ಒಂದಿಷ್ಟು ನೇರಳೆ ಉಳಿದವು. ಗೋಪುರದ ಕೆಳಗೆಲ್ಲೋ ಎಂದು ಮನೆಯವರಿಗೆ ಗೊತ್ತಿತ್ತು, ಸರಿಯಾದ ಜಾಗ ಮಾತ್ರ ಅವನೊಬ್ಬನಿಗೇ ಗೊತ್ತು. ಅದನ್ನು ಅವನು ಮಡಿಲು ಎಂದು ಕರೆಯುತ್ತಿದ್ದ. ಪ್ರತಿ ಚಳಿಗಾಲ ಕಪ್ಪು ಉಂಡೆಗಳನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಆ ಮಡಿಲಿಗೆ ಸುರಿಯುತ್ತಿದ್ದ, ಹೆಣ್ಣುಮಕ್ಕಳಿಗೆ ಗಂಡು ಗೊತ್ತುಮಾಡುವ ಅಪ್ಪನ ಹಾಗೆ. ಮರಿಗಳಿಗಾಗಿ ಕಾಯುತ್ತಿದ್ದ. ಮರಿ ಒಂದೂ ಕಾಣಲಿಲ್ಲ.

ಹೀಗಿರುವಾಗ ಮಗಳು ಅಸ್ಸುಂತಾ ಆ ಏಪ್ರಿಲ್‌ನಲ್ಲಿ ಪಟ್ಟು ಹಿಡಿದಳು. ಬಂದರಿನ ಕಟ್ಟೆಯ ಮೇಲೆ ಅವಳದೊಂದು ಪುಟ್ಟ ಊಟದ ಮನೆ. ತೆರೆದು ಒಂದು ವರ್ಷವಾಗಿತ್ತು, ಏದುಸಿರು ಬಿಡುತ್ತ ನಡೆಯುತ್ತಿತ್ತು. ಲೆಚ್ಚೆ ನಗರದ ವಕೀಲರೊಬ್ಬರು ಮೊಮ್ಮಗುವಿನ ಜ್ಞಾನಸ್ನಾನದ ಊಟವನ್ನು ಭಾನುವಾರ ಅವಳಲ್ಲಿಟ್ಟುಕೊಂಡಿದ್ದರು. ಅವರು ಕೇಳಿದ್ದು ಒಂದೇ, ತಾಜಾ ಮುಳ್ಳುಂಡೆ. ಅವರ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ಬೇಸಿಗೆಯ ಊಟಗಳೆಲ್ಲ ಇವಳ ಬಾಗಿಲಿಗೆ ಬರುತ್ತವೆ. ಇಲ್ಲವಾದರೆ ಬಾಗಿಲು ಹಾಕುವುದೇ.

"ಆ ಗೋಪುರದ ಕೆಳಗಿಂದ ತಂದುಕೊಡಪ್ಪ" ಎಂದಳು ಅಸ್ಸುಂತಾ. "ಗಂಡುಗಳೆಲ್ಲ ಅಲ್ಲೇ ಇದಾವಲ್ಲ. ಮತ್ತೆ ಆಗುತ್ತೆ ಅಂತ ನೀನೇ ತಾನೆ ಹೇಳೋದು?"

ತಾನು ಹೇಳಿದ ಮಾತು ತನಗೇ ತಿರುಗಿ ಬಂದಾಗ ಪಂತಾಲೆಯೊ ಏನು ಮಾಡಿಯಾನು? ಶನಿವಾರ ಬೆಳಿಗ್ಗೆ ಮಡಿಲಿನ ಅರ್ಧ ನೇರಳೆಗಳನ್ನು ಕಿತ್ತು, ಬುಟ್ಟಿಗಳಲ್ಲಿ ತುಂಬಿ, ಜೀವ ಹೋಗದಂತೆ ಕಟ್ಟೆಯ ಕೆಳಗೆ ನೀರಿನಲ್ಲೇ ತೂಗುಬಿಟ್ಟ. ಉಳಿದರ್ಧ ಭಾನುವಾರ ಬೆಳಿಗ್ಗೆ ಎಂದು ಮಾತು. ಆದರೆ ಕೀಳುವಾಗಲೂ ಅವನ ಕಣ್ಣು ಮರಿಗಳನ್ನೇ ಹುಡುಕುತ್ತಿತ್ತು, ಒಂದೂ ಸಿಗಲಿಲ್ಲ. ಎರಡು ಕಪ್ಪು, ನಾಲ್ಕು ನೇರಳೆ ಉಂಡೆಗಳನ್ನು ಬಕೆಟ್ಟಿಗೆ ಹಾಕಿಕೊಂಡು ಶಾಲೆಗೆ ನಡೆದ.

ಶಾಲೆಯ ವಿಜ್ಞಾನದ ಮೇಡಂ ಇಲಾರಿಯಾ ನಮ್ಮೂರವಳೇ. ಚಿಕ್ಕವಳಿದ್ದಾಗ ಅವನ ದೋಣಿಯಲ್ಲಿ ವಾಂತಿ ಮಾಡಿಕೊಂಡವಳು. ಅದನ್ನು ಅವನು ಸಿಕ್ಕಾಗಲೆಲ್ಲ ನೆನಪಿಸುತ್ತಿದ್ದ. ಅವತ್ತು ನೆನಪಿಸಲಿಲ್ಲ.

"ಇವು ಬಸುರಾಗ್ತಿಲ್ಲ ಕಣಮ್ಮ" ಎಂದ. "ಗಂಡು ಬೇಕಾದಷ್ಟಿವೆ. ನಾನೇ ಹೊತ್ತು ತಂದು ಬಿಟ್ಟಿದೀನಿ. ಆದ್ರೂ ಒಂದು ಮರಿ ಇಲ್ಲ. ಉಳಿದಿದ್ದನ್ನ ಕೀಳಲೋ ಬೇಡವೋ, ನೀನು ಹೇಳು."

ಇಲಾರಿಯಾ ಬಕೆಟ್ಟಿಗೆ ಇಣುಕಿ, ಅವನ ಮುಖ ನೋಡಿದಳು. "ನಾನು ಹೇಳಿದ್ರೆ ನೀನು ಕೇಳೋ ಪೈಕಿ ಅಲ್ಲ ಮಾಮ. ನೀನೇ ನೋಡು" ಎಂದು ಸೂಕ್ಷ್ಮದರ್ಶಕವನ್ನು ಕಿಟಕಿಯ ಹತ್ತಿರ ಎಳೆದಳು.

ಉಂಡೆಗಳ ಬಾಯಿಯ ಬದಿಯ ಮೆತ್ತಗಿನ ಜಾಗಕ್ಕೆ ಅವಳು ಒಂದು ಬಗೆಯ ಉಪ್ಪಿನ ದ್ರಾವಣವನ್ನು ಚುಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ನೇರಳೆಯೊಂದರ ನೆತ್ತಿಯ ಐದು ಚುಕ್ಕೆಗಳಿಂದ ಕಿತ್ತಳೆ ಬಣ್ಣದ ಎಳೆಗಳು ಒಸರಿದವು. ಅದನ್ನು ಬೋರಲಾಗಿ ಲೋಟದ ಮೇಲೆ ಇಟ್ಟಳು. ಸಹಾಯ ಮಾಡೋಣವೆಂದು ಪಂತಾಲೆಯೊ ಆ ಲೋಟಕ್ಕೆ ನಲ್ಲಿಯ ನೀರು ಹಿಡಿದು ತಂದಿದ್ದ.

"ಇದು ಸಪ್ಪೆ ನೀರಾ?" ಎಂದು ಇಲಾರಿಯಾ ಬೇಸರದಿಂದ ಕೇಳಿದಳು. ಆದರೂ ಒಂದು ಹನಿ ಗಾಜಿನ ಮೇಲೆ ಇಟ್ಟು ಅವನನ್ನು ಕರೆದಳು.

ಅವನು ಕಣ್ಣಿಟ್ಟ. ಸಾರಿನ ಮೇಲೆ ತೇಲುವ ಎಣ್ಣೆಹನಿಗಳಂತೆ ಗುಂಡುಗುಂಡಗಿನ ಮೊಟ್ಟೆಗಳು. ಅವು ನೋಡನೋಡುತ್ತಿದ್ದಂತೆ ಉಬ್ಬಿದವು. ಒಂದೊಂದಾಗಿ ಒಡೆದು ಚದುರಿಹೋದವು. ಅವನು ಕೈ ಸುಟ್ಟವನಂತೆ ಹಿಂದೆ ಸರಿದ.

"ಒಂದೊಂದು ಮೊಟ್ಟೇನೂ ಒಂದೊಂದು ಜೀವಕೋಶ ಮಾಮ. ಸುತ್ತ ಒಂದು ಪೊರೆ ಇರುತ್ತೆ, ಎಣ್ಣೆಯಂಥ ಪದಾರ್ಥದ್ದು, ಎರಡೇ ಪದರ. ಈ ಯಂತ್ರದಲ್ಲೂ ಅದರ ದಪ್ಪ ಕಾಣಲ್ಲ, ಅಷ್ಟು ತೆಳು. ನೀರನ್ನ ಬಿಟ್ಟುಕೊಳ್ಳುತ್ತೆ, ಉಪ್ಪನ್ನ ಸುಮ್ಮನೆ ಬಿಡಲ್ಲ. ಒಳಗೆ ಉಪ್ಪು, ಹೊರಗೆ ಸಪ್ಪೆ. ಉಪ್ಪಿರೋ ಕಡೆ ನೀರು ನುಗ್ಗುತ್ತೆ, ಪೊರೆ ಹರಿಯುತ್ತೆ."

"ಅಷ್ಟು ತೆಳ್ಳಗಿರೋದು ಇಡೀ ಸಮುದ್ರಾನ ಹೊರಗಿಟ್ಟಿರುತ್ತಾ?"

"ಇಟ್ಟಿರುತ್ತೆ. ನಿನ್ನ ಮೈಯಲ್ಲಿ, ನನ್ನ ಮೈಯಲ್ಲಿ, ಆ ಕಿಟಕಿ ಆಚೆ ಆಲಿವ್ ಎಲೇಲಿ, ಎಲ್ಲಾ ಕಡೆ ಅದೇ ಪೊರೆ."

ಪಂತಾಲೆಯೊ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಅರವತ್ತು ದಾಟಿದ ಮನುಷ್ಯ, ಹುಟ್ಟಿದಾಗಿನಿಂದ ಇದ್ದ ಕೈಯನ್ನು ಅವತ್ತು ಮೊದಲ ಸಲ ಕಂಡವನಂತೆ ನೋಡಿದ.

ಈ ಸಲ ಬಕೆಟ್ಟಿನ ಕಡಲನೀರನ್ನೇ ಬಳಸಿದರು. ಮೊಟ್ಟೆಗಳು ಗುಂಡಗೆ, ತೃಪ್ತಿಯಾಗಿ ನಿಂತವು. "ಈಗ ನಿನ್ನ ಅಳಿಯ" ಎಂದು ಇಲಾರಿಯಾ ಕಪ್ಪು ಉಂಡೆಯ ಬಿಳಿ ಹಾಲಿನ ಒಂದು ಹನಿಯನ್ನು ಸೇರಿಸಿದಳು. ಸಣ್ಣ ಬಾಲದ ಚುಕ್ಕೆಗಳು ಮಂದೆಮಂದೆಯಾಗಿ ಬಂದು ಮೊಟ್ಟೆಗಳಿಗೆ ಮುತ್ತಿದವು. ಪಂತಾಲೆಯೊ ಉಸಿರು ಬಿಗಿಹಿಡಿದು ಕಾದ. ಚುಕ್ಕೆಗಳು ಗುದ್ದಿದವು, ಸುತ್ತಿದವು, ಜಾರಿದವು. ಮೊಟ್ಟೆಗಳು ಅವುಗಳ ಕಡೆ ತಿರುಗಿಯೂ ನೋಡದಂತೆ ಇದ್ದಲ್ಲೇ ಇದ್ದವು.

"ಏನೂ ಆಗ್ತಿಲ್ಲ."

"ಆಗಲ್ಲ."

"ಇವನಿಗೇನೋ ಕಾಯಿಲೆ ಇರಬೇಕು. ಇನ್ನೊಬ್ಬನ್ನ ಹಾಕು."

ಇನ್ನೊಂದು ಕಪ್ಪು ಉಂಡೆಯನ್ನೂ ಚುಚ್ಚಿದಳು. ಅದು ಹಾಲಿನ ಬದಲು ಕಡುಗೆಂಪು ಮೊಟ್ಟೆಗಳನ್ನು ಸುರಿಸಿತು. ಪಂತಾಲೆಯೊ ಅದನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಅದನ್ನು ನೋಡಿದ. "ಗಂಡು ಮೊಟ್ಟೆ ಇಡ್ತಾ?" ಎಂದು ಬಹಳ ಮೆಲ್ಲಗೆ ಕೇಳಿದ.

ಇಲಾರಿಯಾ ಇನ್ನೊಂದು ನೇರಳೆಯನ್ನು ಎತ್ತಿ ಹಿಡಿದಳು. ಅದರ ನೆತ್ತಿಯಿಂದ ಬಿಳಿ ಹಾಲು ಇಳಿಯುತ್ತಿತ್ತು.

"ಅದು ಬಾಣಂತಿ" ಎಂದ ಪಂತಾಲೆಯೊ. ಆದರೆ ಅವನ ದನಿಯಲ್ಲಿ ಆಗಲೇ ಜೀವವಿರಲಿಲ್ಲ.

"ನಾನೂ ನಿನ್ನ ದೋಣೀಲಿ ಕೂತು ಅದನ್ನೇ ಕಲಿತದ್ದು ಮಾಮ. ಈಗ ನೋಡು."

ಆ ಹಾಲಿನ ಹನಿ ಬಿದ್ದದ್ದೇ ತಡ, ಚುಕ್ಕೆಗಳು ಮುತ್ತಿದವು. ಒಂದು ಮೊಟ್ಟೆಯ ಒಂದು ಮಗ್ಗುಲಿನಲ್ಲಿ ಏನೋ ಎದ್ದಿತು. ಬಿಸಿ ಹಾಲಿನ ಕೆನೆಯನ್ನು ಊದಿದಾಗ ಏಳುತ್ತದಲ್ಲ, ಹಾಗೆ ಮೊಟ್ಟೆಯ ಮೈಯಿಂದ ಒಂದು ತೆಳುವಾದ ಹೊದಿಕೆ ಎದ್ದು, ಆ ಮಗ್ಗುಲಿನಿಂದ ಸುತ್ತಲೂ ಹರಿದು, ಪೂರ್ತಿ ಉಂಗುರವಾಗಿ ನಿಂತುಬಿಟ್ಟಿತು. ಹೊರಗಿದ್ದ ಚುಕ್ಕೆಗಳು ಹೊರಗೇ ಉಳಿದವು. ಪಕ್ಕದ ಮೊಟ್ಟೆಯಲ್ಲೂ ಎದ್ದಿತು. ಅದರಾಚೆಯದರಲ್ಲೂ. ಕಣ್ಣು ಹಾಯಿಸಿದಲ್ಲೆಲ್ಲ ಬೆಳಕಿನ ಬಳೆಗಳು ಏಳುತ್ತಿದ್ದವು. ಪಂತಾಲೆಯೊ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುವ ಆಸಾಮಿ ಅವನು.

"ಅದಕ್ಕೆ ಹೇಗೆ ಗೊತ್ತಾಯ್ತು?" ಎಂದ. "ಕಣ್ಣಿಲ್ಲ, ಮೂಗಿಲ್ಲ, ಹೇಳಿಕೊಡೋಕೆ ತಾಯಿ ಹತ್ತಿರ ಇಲ್ಲ."

"ಪೊರೆ ಮೇಲೆ ಬೀಗದಂಥವು ಇರ್ತವೆ. ತನ್ನ ಕುಲದ ಕೀಲಿಗೆ ಮಾತ್ರ ತೆಗೆಯುತ್ತೆ. ಒಬ್ಬ ಒಳಗೆ ಬಂದ ಕೂಡಲೆ ಬಾಗಿಲು ಭದ್ರ. ಇನ್ನೊಬ್ಬ ಬಂದ್ರೆ ಆ ಮರಿ ಬದುಕಲ್ಲ, ಅದಕ್ಕೇ ಈ ಹೊದಿಕೆ. ಹೇಗೆ ಅಂತ ಓದಿದೀನಿ ಮಾಮ, ಪ್ರತಿ ವರ್ಷ ಪಾಠಾನೂ ಮಾಡ್ತೀನಿ. ಆದ್ರೂ ನೋಡಿದಾಗಲೆಲ್ಲ ಮೈ ಜುಮ್ಮನ್ನುತ್ತೆ."

ಆಗ ಅವನಿಗೆ ಎಲ್ಲವೂ ಅರ್ಥವಾಯಿತು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಪ್ಪುಗಳದ್ದೇ ಒಂದು ಮನೆತನ, ನೇರಳೆಗಳದ್ದೇ ಒಂದು. ತಾನು ಇಷ್ಟು ವರ್ಷ ಒಂದೇ ಮನೆಯ ಗಂಡನನ್ನೂ ಹೆಂಡತಿಯನ್ನೂ ಒಟ್ಟಿಗೆ ಕಿತ್ತು, ಪಕ್ಕದ ಮನೆಯವರನ್ನು ತಂದು ಅವರ ಹಾಸಿಗೆಯ ಮೇಲೆ ಕೂರಿಸಿ, ಮಕ್ಕಳು ಯಾಕಾಗಲಿಲ್ಲ ಎಂದು ಕಾಯುತ್ತಿದ್ದ. ಆ ಪಕ್ಕದವರೋ, ಬಂಡೆಯ ಪಾಚಿಯನ್ನೆಲ್ಲ ಮೇಯ್ದು ಇವರ ಹೊಟ್ಟೆಗೂ ಇಲ್ಲದಂತೆ ಮಾಡುತ್ತಿದ್ದರು. ಪಂತಾಲೆಯೊ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ. ನಾಚಿಕೆಯೂ ಸಂಕಟವೂ ಒಟ್ಟಿಗೆ ಬಂದು ಅವನಿಗೆ ಅಳು ಬಂತು, ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಅದೇ ಗಾಜಿಗೆ ಕಣ್ಣಿಟ್ಟ, ಏಕೆಂದರೆ ನೋಡದೆ ಇರಲು ಆಗುತ್ತಿರಲಿಲ್ಲ.

ಊಟದ ಹೊತ್ತು ಮೀರಿದರೂ ಬಾರದ ಅಪ್ಪನನ್ನು ಹುಡುಕಿಕೊಂಡು ಅಸ್ಸುಂತಾ ಬಂದಳು, ಅಡುಗೆಯ ಏಪ್ರನ್ ಬಿಚ್ಚದೆ.

"ಇಲ್ಲಿ ಕೂತು ಪರೀಕ್ಷೆಗೆ ಓದ್ತಿದೀಯಾ? ಅಲ್ಲಿ ನನ್ನ ತಲೆ ಹೋಗ್ತಿದೆ."

"ನಾಳೆ ಮುಳ್ಳುಂಡೆ ಇಲ್ಲ" ಎಂದ ಪಂತಾಲೆಯೊ. "ಬುಟ್ಟೀಲಿರೋದನ್ನೂ ವಾಪಸ್ ಬಿಡ್ತೀನಿ."

ಅಸ್ಸುಂತಾ ಅಪ್ಪನ ಮಗಳೇ. ಕೂಗಾಡಲಿಲ್ಲ, ಮಾತನ್ನು ಸಣ್ಣಗೆ ಹರಿತ ಮಾಡಿಕೊಂಡಳು. "ಸರಿ. ಉಂಡೆಗಳಿಗೆ ಮರಿ ಆಗಲಿ, ನಿನ್ನ ಮರಿ ಬೀದಿಗೆ ಬೀಳಲಿ. ಇಷ್ಟು ವರ್ಷ ತಿಂದವರೆಲ್ಲ ತಿಂದರು, ನನ್ನ ಸರದಿ ಬಂದಾಗ ನಿನಗೆ ಜ್ಞಾನ ಬಂತಾ?"

ಅವಳು ಹೇಳಿದ್ದು ನಿಜವಾಗಿತ್ತು. "ಒಂದು ಸಲ ನೋಡು" ಎಂದಷ್ಟೇ ಹೇಳಿ ಜಾಗ ಬಿಟ್ಟ.

ಬೈಯಲು ಇನ್ನೂ ಏನಾದರೂ ಸಿಕ್ಕೀತೆಂದು ಬಾಗಿದವಳು ಬಹಳ ಹೊತ್ತು ಏಳಲಿಲ್ಲ. ಉಂಗುರದೊಳಗಿನ ಮೊಟ್ಟೆಗೆ ಅಷ್ಟರಲ್ಲಿ ಸೊಂಟ ಮೂಡಿತ್ತು. ಯಾರೋ ಕಾಣದ ದಾರ ಬಿಗಿದಂತೆ ಅದು ನಡುವೆ ಒಳಕ್ಕೆ ಸರಿಯುತ್ತ ಹೋಗಿ, ಅವಳ ಕಣ್ಣೆದುರೇ ಎರಡಾಯಿತು. ಎರಡಕ್ಕೂ ತಮ್ಮದೇ ಪೊರೆ.

"ಒಂದಿತ್ತು" ಎಂದಳು ಅಸ್ಸುಂತಾ. ಸೆರಗಿನಂತೆ ಏಪ್ರನ್ನಿನಲ್ಲಿ ಕೈ ಸುತ್ತಿಕೊಳ್ಳುತ್ತ ಕಿಟಕಿಯ ಕಡೆ ತಿರುಗಿ ನಿಂತಳು. ಆಮೇಲೆ, "ವಕೀಲರಿಗೆ ಏನು ಹೇಳಲಿ?"

"ನಮ್ಮಪ್ಪ ದಡ್ಡ ಅಂತ ಹೇಳು."

"ಅದನ್ನ ಹೇಳೇ ಹೇಳ್ತೀನಿ."

ಹೇಳಿದಳು. ವಕೀಲರು ಕೇಳಿಸಿಕೊಂಡು, ಹಾಗಾದರೆ ಊಟ ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಫೋನ್ ಇಟ್ಟರು. ಅಸ್ಸುಂತಾ ಕಟ್ಟೆಯ ಮೇಲೆ ಕೂತು ಅತ್ತಳು, ಊರೆಲ್ಲ ನೋಡಿತು. ಅತ್ತು ಮುಗಿದ ಮೇಲೆ ಬುಟ್ಟಿಗಳನ್ನು ಮೇಲೆಳೆದು, ಒದ್ದೆ ಗೋಣಿ ಹೊದಿಸಿ, ದೋಣಿಗೆ ಅವಳೇ ಇಟ್ಟಳು. ಹುಟ್ಟು ಹಾಕಿದವಳೂ ಅವಳೇ. ಅಪ್ಪ ಜಾಗ ತೋರಿಸಿದ. ಅದನ್ನು ಅವನು ಬೇರೆ ಯಾರಿಗೂ ತೋರಿಸಿರಲಿಲ್ಲ.

ಮಧ್ಯಾಹ್ನದ ಬಿಸಿಲು ತಳದವರೆಗೂ ಇಳಿದಿತ್ತು. ಪಂತಾಲೆಯೊ ಮೊದಲು ಮುಳುಗಿ ಮುಳುಗಿ ತಾನೇ ತಂದು ಹಾಕಿದ್ದ ಕಪ್ಪುಗಳನ್ನು ಎತ್ತಿ ಆಚೆಯ ಬಂಡೆಗೆ ಸಾಗಿಸಿದ. ಅವುಗಳದ್ದೇನೂ ತಪ್ಪಿರಲಿಲ್ಲ, ಆದ್ದರಿಂದ ಮೆಲ್ಲಗೇ ಇಟ್ಟ. ಆಮೇಲೆ ನೇರಳೆಗಳನ್ನು ಒಯ್ದು, ಉಳಿದಿದ್ದವುಗಳ ಮಗ್ಗುಲಿಗೆ, ಮುಳ್ಳಿಗೆ ಮುಳ್ಳು ತಾಗುವಷ್ಟು ಹತ್ತಿರ ಕೂರಿಸಿದ. ಯಾವುದು ಗಂಡು ಯಾವುದು ಹೆಣ್ಣು ಎಂಬುದು ಅವನಿಗೀಗ ಗೊತ್ತಿರಲಿಲ್ಲ. ಅವಕ್ಕೆ ಗೊತ್ತಿದ್ದರೆ ಸಾಕಾಗಿತ್ತು.

ಕೊನೆಯ ಬುಟ್ಟಿ ಖಾಲಿ ಮಾಡಿ ಮೇಲೇಳಬೇಕು ಎನ್ನುವಾಗ, ಕೈಯಾಡಿಸಿದ್ದಕ್ಕೋ ಏನೋ, ಒಂದರ ನೆತ್ತಿಯಿಂದ ಬಿಳಿ ಎಳೆಯೊಂದು ಎದ್ದು ನೀರಿನಲ್ಲಿ ಬಿಚ್ಚಿಕೊಂಡಿತು. ಪಕ್ಕದ್ದು ಕಿತ್ತಳೆಯ ಎಳೆ ಬಿಟ್ಟಿತು. ಆಮೇಲೆ ಇನ್ನೊಂದು, ಮತ್ತೊಂದು. ಬಂಡೆಯ ಕೆಳಗೆಲ್ಲ ಮಬ್ಬು ಕವಿಯಿತು. ಅವನು ಆ ಮಬ್ಬಿನ ನಡುವೆಯೇ ತೂಗುತ್ತ ನಿಂತ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ತನ್ನ ಮುಖದ ಸುತ್ತ, ಕೈಬೆರಳ ಸಂದಿನಲ್ಲಿ, ಲೆಕ್ಕವಿಲ್ಲದಷ್ಟು ಬೀಗಗಳು ತಮ್ಮ ಕೀಲಿಯನ್ನು ಕಂಡುಕೊಳ್ಳುತ್ತಿವೆ, ಲೆಕ್ಕವಿಲ್ಲದಷ್ಟು ಬಳೆಗಳು ಏಳುತ್ತಿವೆ ಎಂದು ಅವನಿಗೆ ಗೊತ್ತಿತ್ತು. ಉಸಿರು ಕಟ್ಟುವವರೆಗೂ ಅಲ್ಲೇ ಇದ್ದ.

ಮೇಲೆ ಬಂದು ದೋಣಿಯ ಅಂಚು ಹಿಡಿದು ಅವನು ಏದುಸಿರು ಬಿಟ್ಟ. ಅಸ್ಸುಂತಾ ಗಾಬರಿಯಿಂದ ಅವನ ತೋಳು ಹಿಡಿದು ಒಳಕ್ಕೆ ಎಳೆದುಕೊಂಡಳು. ಹೊರಡೋಣವೆಂದು ಹುಟ್ಟಿಗೆ ಕೈ ಹಾಕಿದಳು.

"ಬೇಡ" ಎಂದ ಪಂತಾಲೆಯೊ. "ನೀರು ಕಲಕುತ್ತೆ."

ಅವಳು ಗಾಜಿನ ತಳದ ಬಕೆಟ್ಟನ್ನು ನೀರಿಗೆ ಒತ್ತಿ ಕೆಳಗೆ ನೋಡಿದಳು. ನೋಡಿ, ಹುಟ್ಟನ್ನು ಸದ್ದಾಗದಂತೆ ದೋಣಿಯೊಳಗೆ ಇಟ್ಟಳು. ದೋಣಿ ತಾನಾಗಿಯೇ ಅಲ್ಲಿಂದ ಸರಿದು ಹೋಗುವವರೆಗೂ ಅಪ್ಪ ಮಗಳು ಅಲ್ಲಾಡದೆ ಕೂತಿದ್ದರು.